ಬುದ್ಧನ ಅಂಗಳದಲ್ಲಿ ದೈವ, ದೈವದ ಅಂಗಳದಲ್ಲಿ ಬುದ್ಧ

ಮೊದಲ ದಿನ, ಮಾರ್ಚ್ 7: ಅಸಾಕುಸಾ

ಟೋಕಿಯೊದ ಸುಮಿದಾ ನದಿಯ ಪಕ್ಕದ ಅಸಾಕುಸಾ ಪೇಟೆಯನ್ನು ತಲುಪಿದಾಗ ಬೆಳಿಗ್ಗೆ ಏಳೂವರೆಯಾಗಿತ್ತು. ಬೀದಿಯ ಎರಡೂ ಬದಿಯ ಅಂಗಡಿಗಳು ಇನ್ನೂ ಬಾಗಿಲು ತೆರೆದಿರಲಿಲ್ಲ. ಗಾಳಿಯ ದೇವತೆ ಒಂದು ಬದಿಗೆ, ಗುಡುಗಿನ ದೇವತೆ ಇನ್ನೊಂದು ಬದಿಗೆ ಕಾವಲು ನಿಂತಿರುವ ಹೆಬ್ಬಾಗಿಲನ್ನು ದಾಟಿ, ದೊಡ್ಡ ಧೂಪದ ಪಾತ್ರೆಯ ಮುಂದೆ ನಿಂತು ಹೊಗೆಯನ್ನು ತಲೆಗೂ ಮೊಣಕಾಲಿಗೂ ಸವರಿಕೊಳ್ಳುತ್ತಿದ್ದ ವೃದ್ಧರ ಹಿಂದೆ ಸರದಿಗೆ ನಿಂತೆ. ಇದು ಸೆನ್ಸೋಜಿ, ಟೋಕಿಯೊದ ಅತ್ಯಂತ ಹಳೆಯ ಬೌದ್ಧ ಮಂದಿರ.

ಸ್ಥಳಪುರಾಣ ಹೀಗಿದೆ. ಕ್ರಿ.ಶ. 628ರಲ್ಲಿ ಹಿನೋಕುಮಾ ಮನೆತನದ ಹಮಾನಾರಿ ಮತ್ತು ತಕೇನಾರಿ ಎಂಬ ಅಣ್ಣತಮ್ಮಂದಿರು ಸುಮಿದಾ ನದಿಯಲ್ಲಿ ಬಲೆ ಬೀಸಿದಾಗ ಮೀನಿನ ಬದಲು ಒಂದು ಪುಟ್ಟ ವಿಗ್ರಹ ಸಿಕ್ಕಿತು. ಊರಿನ ಮುಖ್ಯಸ್ಥ ಹಾಜಿ ನೊ ನಕಾತೊಮೊ ಅದು ಕನ್ನೊನ್ ಬೋಧಿಸತ್ತ್ವನ ವಿಗ್ರಹವೆಂದು ಗುರುತಿಸಿ, ತನ್ನ ಮನೆಯನ್ನೇ ಮಂದಿರವಾಗಿ ಮಾಡಿದ. ಕನ್ನೊನ್ ಎಂದರೆ ಕರುಣೆಯ ಬೋಧಿಸತ್ತ್ವ ಅವಲೋಕಿತೇಶ್ವರ. ಮಂಗಳೂರಿನವನಾದ ನನಗೆ ಆ ಹೆಸರು ದೂರದ್ದಲ್ಲ. ನಮ್ಮ ಕದ್ರಿಯ ಮಂಜುನಾಥನ ಗುಡಿಯಲ್ಲಿ, ಆಳುಪ ದೊರೆ ಕುಂದವರ್ಮನು 968ರಲ್ಲಿ ಪ್ರತಿಷ್ಠಾಪಿಸಿದ ಲೋಕೇಶ್ವರನ, ಅಂದರೆ ಅವಲೋಕಿತೇಶ್ವರನ, ಕಂಚಿನ ವಿಗ್ರಹ ಇಂದಿಗೂ ಇದೆ. ಕದ್ರಿಯನ್ನು ವಿಹಾರವೆಂದು ಕರೆದ ಶಾಸನ ಅದರ ಪೀಠದಲ್ಲಿದೆ. ಬಾಲ್ಯದಿಂದ ಶಿವನ ಗುಡಿಯಲ್ಲಿ ಕೈಮುಗಿದ ಆ ಮೂರ್ತಿಯ ಬಂಧುವನ್ನು ಸಾವಿರಾರು ಮೈಲಿ ದೂರದ ಮೀನುಗಾರರ ಬಲೆಯ ಕಥೆಯಲ್ಲಿ ಕಂಡಾಗ, ಈ ಪ್ರವಾಸಕ್ಕೆ ನಾನು ಯಾಕೆ ಹೊರಟೆನೆಂಬುದು ನನಗೇ ಇನ್ನಷ್ಟು ಸ್ಪಷ್ಟವಾಯಿತು.

ಮಂದಿರದ ಬಲಗಡೆಗೆ ತಿರುಗಿದರೆ ಒಂದು ಕಲ್ಲಿನ ತೋರಣಗಂಬ ಎದುರಾಗುತ್ತದೆ. ಎರಡು ಕಂಬ, ಮೇಲೆ ಎರಡು ಅಡ್ಡತೊಲೆ. ಜಪಾನೀಯರು ಇದನ್ನು ತೋರೀ ಎನ್ನುತ್ತಾರೆ. ಅದರಾಚೆ ಇರುವುದು ಜಪಾನಿನ ಮೂಲಧರ್ಮವಾದ ಶಿಂತೋದ ದೇಗುಲ, ಅಸಾಕುಸಾ ಜಿಂಜ. (ಮುಂದೆಲ್ಲ ಬೌದ್ಧರದನ್ನು ಮಂದಿರವೆಂದೂ ಶಿಂತೋದವರದನ್ನು ದೇಗುಲವೆಂದೂ ಬರೆಯುತ್ತೇನೆ. ಶಿಂತೋದ ಆರಾಧ್ಯರಿಗೆ ನಮ್ಮ ಕರಾವಳಿಯ ‘ದೈವ’ ಎಂಬ ಮಾತೇ ಹೊಂದುತ್ತದೆ. ಮರ, ಬೆಟ್ಟ, ಹಿರಿಯರು, ಸತ್ತ ವೀರರು ಎಲ್ಲರೂ ಅದರೊಳಗೆ ಸೇರುತ್ತಾರೆ.) ಈ ದೇಗುಲದ ದೈವಗಳು ಬೇರೆ ಯಾರೂ ಅಲ್ಲ, ಬುದ್ಧನ ಸೇವೆ ಮಾಡಿದ ಆ ಇಬ್ಬರು ಮೀನುಗಾರರು ಮತ್ತು ಊರಿನ ಮುಖ್ಯಸ್ಥ. ಅವಲೋಕಿತೇಶ್ವರನನ್ನು ನೀರಿನಿಂದ ಎತ್ತಿದವರು ಪಕ್ಕದ ಅಂಗಳದಲ್ಲಿ ಸ್ವತಃ ದೈವಗಳಾಗಿ ಕುಳಿತಿದ್ದಾರೆ, ಮೇ ತಿಂಗಳ ಸಾಂಜಾ ಉತ್ಸವದಲ್ಲಿ ಅವರ ಮೂರು ಪಲ್ಲಕ್ಕಿಗಳನ್ನು ಊರವರು ಹೊತ್ತು ಮೆರೆಸುತ್ತಾರೆ. 1649ರಲ್ಲಿ ಶೋಗನ್, ಅಂದರೆ ದೇಶವಾಳುವ ಸೇನಾಧಿಪತಿಯಾಗಿದ್ದ ತೊಕುಗಾವಾ ಇಯೆಮಿತ್ಸು ಕಟ್ಟಿಸಿದ ಈ ದೇಗುಲ 1945ರ ಬಾಂಬ್ ದಾಳಿಯಲ್ಲಿ ಉಳಿಯಿತು. ಸುಟ್ಟುಹೋದ ಸೆನ್ಸೋಜಿಯ ಮುಖ್ಯ ಮಂದಿರವನ್ನು 1958ರಲ್ಲಿ ಮತ್ತೆ ಕಟ್ಟಿದರು.

ಮಧ್ಯಾಹ್ನ ನದಿಯ ದಡದಲ್ಲೇ ನಡೆದು ಮಾತ್ಸುಚಿಯಾಮಾ ಎಂಬ ಸಣ್ಣ ಗುಡ್ಡ ಹತ್ತಿದೆ. ಅಲ್ಲಿ ಶೋತೆನ್ ಎಂಬ ಹೆಸರಿನಲ್ಲಿ ಪೂಜೆಗೊಳ್ಳುವವನು ನಮ್ಮ ಗಣಪತಿ. ವಿಗ್ರಹವನ್ನು ಯಾರಿಗೂ ತೋರಿಸುವುದಿಲ್ಲ. ಭಕ್ತರು ಒಪ್ಪಿಸುವುದು ಮೂಲಂಗಿಯನ್ನು. ತೊಳೆದು ಬೆಳ್ಳಗಾದ ಉದ್ದುದ್ದ ಮೂಲಂಗಿಗಳು ಪೀಠದ ಮುಂದೆ ಸಾಲಾಗಿ ಮಲಗಿದ್ದವು. ನಾನೂ ಒಂದನ್ನು ಕೊಂಡು ಒಪ್ಪಿಸಿದೆ.

ಎರಡನೆಯ ದಿನ, ಮಾರ್ಚ್ 8: ನಿಕ್ಕೋ

ಅಸಾಕುಸಾದಿಂದ ರೈಲಿನಲ್ಲಿ ಎರಡು ಗಂಟೆ ಉತ್ತರಕ್ಕೆ ಹೋದರೆ ನಿಕ್ಕೋ. ದೇವದಾರುವನ್ನು ಹೋಲುವ ಸುಗಿ ಮರಗಳ ನೆರಳಿನಲ್ಲಿ ಹಿಮ ಇನ್ನೂ ಕರಗಿರಲಿಲ್ಲ. ಎಂಟನೆಯ ಶತಮಾನದಲ್ಲಿ ಶೋದೋ ಎಂಬ ಭಿಕ್ಷು ಇಲ್ಲಿನ ನಂತಾಯ್ ಬೆಟ್ಟವನ್ನು ಹತ್ತಿ ಕ್ಷೇತ್ರವನ್ನು ತೆರೆದನು. ಅಂದಿನಿಂದ ಸಾವಿರ ವರ್ಷಕ್ಕೂ ಮಿಕ್ಕಿ ಇಲ್ಲಿ ಬೆಟ್ಟದ ದೈವ ಬೇರೆ, ಬುದ್ಧ ಬೇರೆ ಎಂದು ಯಾರೂ ಎಣಿಸಲಿಲ್ಲ. ರಿನ್ನೋಜಿ ಮಂದಿರದಲ್ಲಿ ಏಳು ಮೀಟರಿಗೂ ಎತ್ತರದ, ಚಿನ್ನ ಲೇಪಿಸಿದ ಮೂರು ಮೂರ್ತಿಗಳಿವೆ: ಸಹಸ್ರಭುಜ ಅವಲೋಕಿತೇಶ್ವರ, ಅಮಿತಾಭ ಬುದ್ಧ, ಅವಲೋಕಿತೇಶ್ವರನ ಇನ್ನೊಂದು ರೂಪವಾದ ಹಯಗ್ರೀವ. ಹೊರಗೆ ಕಾಣುವ ಮೂರು ಬೆಟ್ಟಗಳ ದೈವಗಳ ಮೂಲರೂಪಗಳೇ ಇವು. ‘ಹೊಂಜಿ ಸುಯಿಜಾಕು’ ಎಂದು ಇದಕ್ಕೆ ಹೆಸರು. ಹೊಂಜಿ ಎಂದರೆ ಮೂಲನೆಲೆ, ಸುಯಿಜಾಕು ಎಂದರೆ ಇಳಿದು ಬಂದ ಹೆಜ್ಜೆಗುರುತು. ಬುದ್ಧರು ಜಪಾನಿನ ಜನರಿಗಾಗಿ ದೈವಗಳ ರೂಪದಲ್ಲಿ ಇಳಿದು ಬಂದರು ಎಂಬ ಈ ವಿಚಾರವನ್ನು ದಶಾವತಾರ ಬಲ್ಲ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿನ ತೋಷೋಗೂ ದೇಗುಲದಲ್ಲಿರುವುದು ತೊಕುಗಾವಾ ಇಯೆಯಾಸು. ದೇಶವನ್ನು ಒಂದುಗೂಡಿಸಿದ ಈ ಶೋಗನ್ 1616ರಲ್ಲಿ ತೀರಿಕೊಂಡಾಗ, ಅವನನ್ನು ಯಾವ ಪದವಿಯಿಂದ ದೈವವಾಗಿಸಬೇಕೆಂದು ಅವನ ಸಲಹೆಗಾರರಲ್ಲಿ ವಾದವಾಯಿತು. ‘ಮ್ಯೋಜಿನ್’, ಅಂದರೆ ಬೆಳಗುವ ದೈವವೆನ್ನಬೇಕೆಂದು ಒಬ್ಬ ಭಿಕ್ಷು ಹಟ ಹಿಡಿದ; ‘ಗೊಂಗೆನ್’, ಅಂದರೆ ಅವತಾರವೆನ್ನಬೇಕೆಂದು ತೆಂಕಾಯ್ ಎಂಬ ಇನ್ನೊಬ್ಬ ಭಿಕ್ಷು ವಾದಿಸಿದ. ಮ್ಯೋಜಿನ್ ಪದವಿ ಪಡೆದಿದ್ದ, ಇಯೆಯಾಸುವಿಗೆ ಮೊದಲು ದೇಶವಾಳಿದ ಹಿದೆಯೋಷಿಯ ವಂಶ ಹಿಂದಿನ ವರ್ಷವಷ್ಟೇ ನಿರ್ನಾಮವಾಗಿತ್ತು, ಆದ್ದರಿಂದ ತೆಂಕಾಯ್ ಗೆದ್ದ. ಭೈಷಜ್ಯಗುರು ಬುದ್ಧನ ಅವತಾರವೆಂಬ ನೆಲೆಯಲ್ಲಿ ಇಯೆಯಾಸು 1617ರಲ್ಲಿ ಇಲ್ಲಿ ನೆಲೆನಿಂತ. ಹೀಗಾಗಿ ದೇಗುಲದ ಆವರಣದಲ್ಲೇ ಭೈಷಜ್ಯಗುರುವಿನ ಮಂದಿರವಿದೆ, ಐದಂತಸ್ತಿನ ಪಗೋಡವಿದೆ, ಧರ್ಮಗ್ರಂಥಗಳ ಭಂಡಾರವಿದೆ.

ಭೈಷಜ್ಯಗುರುವಿನ ಮಂದಿರದ ಚಾವಣಿಯಲ್ಲಿ ಒಂದು ಡ್ರ್ಯಾಗನ್ ಚಿತ್ರವಿದೆ. ಅದರ ಬಾಲದ ಕೆಳಗೆ ನಿಂತು ಅರ್ಚಕರು ಎರಡು ಮರದ ತುಂಡುಗಳನ್ನು ಬಡಿದರು. ಸದ್ದು ಅಲ್ಲಿಯೇ ಸತ್ತಿತು. ತಲೆಯ ಕೆಳಗೆ ಬಂದು ಮತ್ತೆ ಬಡಿದಾಗ ಅದೇ ಸದ್ದು ಗೆಜ್ಜೆಯಂತೆ ನಡುಗುತ್ತಾ ಮೇಲಿನಿಂದ ಸುರಿದು ಬಂತು. 1868ರಲ್ಲಿ, ಶೋಗನ್ನರನ್ನು ಇಳಿಸಿ ಬಂದ ಮೇಜಿ ಚಕ್ರವರ್ತಿಯ ಸರ್ಕಾರವು ದೈವಗಳನ್ನೂ ಬುದ್ಧರನ್ನೂ ಬೇರೆ ಬೇರೆ ಮಾಡಬೇಕೆಂದು ಆಜ್ಞೆ ಹೊರಡಿಸಿತು. ಗೊಂಗೆನ್ ಎಂಬ ಪದವಿಯನ್ನೇ ತೆಗೆದುಹಾಕಲಾಯಿತು. ದೇಶದ ಅನೇಕ ಕಡೆ ವಿಗ್ರಹಗಳನ್ನು ಒಡೆದರು, ಗ್ರಂಥಗಳನ್ನು ಸುಟ್ಟರು. ನಿಕ್ಕೋ ಕ್ಷೇತ್ರವೂ ಎರಡು ದೇಗುಲ, ಒಂದು ಮಂದಿರ ಎಂದು ಮೂರು ಪಾಲಾಯಿತು. ಈ ಡ್ರ್ಯಾಗನ್ ಮಂದಿರ ಯಾರಿಗೆ ಸೇರಿದ್ದೆಂಬ ವ್ಯಾಜ್ಯ ರಿನ್ನೋಜಿಗೂ ತೋಷೋಗೂಗೂ ನಡುವೆ ಬಹುಕಾಲ ನಡೆಯಿತು. ಕೂಡಿ ಬದುಕಿದ ಮನೆಯನ್ನು ಕಾಗದದ ಮೇಲೆ ಪಾಲು ಮಾಡಿದರೆ ಗೋಡೆ ಎಲ್ಲಿ ಎಬ್ಬಿಸಬೇಕೆಂಬುದು ಯಾರಿಗೂ ತಿಳಿಯುವುದಿಲ್ಲ.

ಮೂರನೆಯ ದಿನ, ಮಾರ್ಚ್ 9: ನಗೋಯಾ ಬಳಿಯ ಒಂದು ಮನೆ

ಹಲವು ವರ್ಷ ಬೆಂಗಳೂರಿನಲ್ಲಿ ಕೆಲಸ ಮಾಡಿ ಮರಳಿದ ಜಪಾನಿ ಸ್ನೇಹಿತೆಯೊಬ್ಬರ ತವರುಮನೆಯಲ್ಲಿ ಆ ರಾತ್ರಿ ಉಳಿದೆ. ಈ ಪ್ರವಾಸದಲ್ಲಿ ನಾನು ಅತಿ ಹೆಚ್ಚು ಕಲಿತದ್ದು ಯಾವ ಮಂದಿರದಲ್ಲೂ ಅಲ್ಲ, ಈ ಮನೆಯ ಎರಡು ಕೋಣೆಗಳಲ್ಲಿ.

ಊಟದ ಕೋಣೆಯ ಗೋಡೆಯ ಮೇಲೆ, ತಲೆಗಿಂತ ಎತ್ತರದಲ್ಲಿ, ಬಿಳಿ ಮರದ ಪುಟ್ಟ ಗುಡಿಯನ್ನು ಹೊತ್ತ ಹಲಗೆಯಿತ್ತು. ಅದು ಕಮಿದಾನಾ, ದೈವದ ಹಲಗೆ. ಒಳಗೆ ಇಸೆಯ ಮಹಾದೇಗುಲದಿಂದ ಬಂದ ರಕ್ಷಾಪತ್ರ. ಮುಂದೆ ಅಕ್ಕಿ, ಉಪ್ಪು, ನೀರು, ಎರಡು ಬದಿಗೂ ಸಕಾಕಿ ಗಿಡದ ಹಸಿರು ಟೊಂಗೆ. ಅದರ ನೇರ ಮೇಲೆ ಚಾವಣಿಗೆ ಅಂಗೈಯಗಲದ ಕಾಗದವೊಂದನ್ನು ಅಂಟಿಸಿದ್ದರು, ಅದರ ಮೇಲೆ ಕುಂಚದಿಂದ ಬರೆದ ಒಂದೇ ಅಕ್ಷರ. ಏನೆಂದು ಕೇಳಿದಾಗ ಸ್ನೇಹಿತೆಯ ತಾಯಿ ‘ಕುಮೊ’ ಎಂದರು, ಮೋಡ. ಮೇಲಿನ ಅಂತಸ್ತಿನಲ್ಲಿ ಮನೆಯವರು ಓಡಾಡುತ್ತಾರೆ. ದೈವದ ತಲೆಯ ಮೇಲೆ ಮನುಷ್ಯರು ನಡೆಯಬಾರದು, ಆದ್ದರಿಂದ ಮೇಲಿರುವುದು ಆಕಾಶವೇ ಎಂದು ಆ ಅಕ್ಷರ ಸಾರುತ್ತದೆ.

ಪಕ್ಕದ ಚಾಪೆಯ ಕೋಣೆಯಲ್ಲಿ ಕಪ್ಪು ಮೆರುಗಿನ ಬೀರುವಿನಂಥ ಬುತ್ಸುದಾನ್, ಅಂದರೆ ಬುದ್ಧನ ಪೀಠ. ಬಾಗಿಲು ತೆರೆದರೆ ಶಾಕ್ಯಮುನಿಯ ಸಣ್ಣ ಮೂರ್ತಿ, ಅದರ ಕೆಳಗೆ ತೀರಿಕೊಂಡ ಹಿರಿಯರ ಹೆಸರಿನ ಹಲಗೆಗಳು. ಹಲಗೆಯ ಮೇಲಿರುವುದು ಬದುಕಿದ್ದಾಗಿನ ಹೆಸರಲ್ಲ, ಸತ್ತ ಮೇಲೆ ಮಂದಿರದ ಭಿಕ್ಷು ಕೊಟ್ಟ ಹೆಸರು. ಬೆಳಿಗ್ಗೆ ಅನ್ನವಾದ ಕೂಡಲೇ ತಾಯಿ ಮೊದಲ ತುತ್ತನ್ನು ಹಿತ್ತಾಳೆಯ ಬಟ್ಟಲಿಗೆ ಹಾಕಿ ಇಲ್ಲಿಟ್ಟರು, ಊದುಬತ್ತಿ ಹಚ್ಚಿದರು, ಪುಟ್ಟ ಘಂಟೆಯನ್ನು ಒಮ್ಮೆ ತಟ್ಟಿ ಸದ್ದಿಲ್ಲದೆ ಕೈಮುಗಿದರು. ಆಮೇಲೆ ಕಮಿದಾನಾದ ಮುಂದೆ ಹೋಗಿ ಎರಡು ಸಲ ಬಾಗಿ, ಎರಡು ಸಲ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗಿದರು. ಎರಡೂ ಸೇರಿ ಮೂರು ನಿಮಿಷ ಹಿಡಿಯಲಿಲ್ಲ.

“ಅಮ್ಮಾ, ನಿಮ್ಮ ಧರ್ಮ ಯಾವುದು ಎಂದು ಯಾರಾದರೂ ಕೇಳಿದರೆ ಏನು ಹೇಳುತ್ತೀರಿ?” ಎಂದು ಸ್ನೇಹಿತೆಯ ಮೂಲಕ ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, “ನಮ್ಮ ಮನೆಯ ಮಂದಿರ ಸೋತೋ ಪಂಥದ್ದು, ಊರಿನ ದೇಗುಲ ಹಾಚಿಮಾನನದು” ಎಂದರು. ಮನೆಗೊಂದು ಮಂದಿರ, ಊರಿಗೊಂದು ದೇಗುಲ. ಪ್ರತಿ ಕುಟುಂಬವೂ ಒಂದು ಬೌದ್ಧ ಮಂದಿರದಲ್ಲಿ ಹೆಸರು ಬರೆಸಬೇಕೆಂದು ಹದಿನೇಳನೆಯ ಶತಮಾನದಲ್ಲಿ ಶೋಗನ್ನರ ಸರ್ಕಾರ, ಕ್ರೈಸ್ತರನ್ನು ಪತ್ತೆಹಚ್ಚುವ ಸಲುವಾಗಿ, ಕಡ್ಡಾಯ ಮಾಡಿತು. ಆ ಕಟ್ಟಳೆ ಹೋಗಿ ಎಷ್ಟೋ ಕಾಲವಾದರೂ ಅಂತ್ಯಕ್ರಿಯೆಯ ನಂಟು ಉಳಿದಿದೆ. ದೇಗುಲ ತನ್ನ ಊರವರನ್ನೆಲ್ಲ ಲೆಕ್ಕ ಹಿಡಿಯುತ್ತದೆ, ಮಂದಿರ ತನ್ನ ಮನೆತನಗಳನ್ನು. ಸಂಸ್ಕೃತಿ ಇಲಾಖೆಯ ವಾರ್ಷಿಕ ಪಟ್ಟಿಯಲ್ಲಿ ಎರಡನ್ನೂ ಕೂಡಿಸಿದರೆ ಮೊತ್ತ ದೇಶದ ಜನಸಂಖ್ಯೆಯನ್ನೇ ಮೀರುವುದು ಇದರಿಂದಾಗಿ.

ಹುಟ್ಟಿದ ಮಗುವನ್ನು ಕರೆದೊಯ್ಯುವುದು ದೇಗುಲಕ್ಕೆ, ಸತ್ತವರನ್ನು ಒಪ್ಪಿಸುವುದು ಬುದ್ಧನಿಗೆ ಎಂಬ ಹಂಚಿಕೆಯ ಹಿಂದೆ ಸೂತಕದ ಭಾವನೆಯಿದೆ. ಹೋದ ವರ್ಷ ತಂದೆ ತೀರಿಕೊಂಡಾಗ ಕಮಿದಾನಾದ ಬಾಗಿಲು ಮುಚ್ಚಿ ಬಿಳಿ ಕಾಗದ ಅಂಟಿಸಿದೆವು ಎಂದು ಸ್ನೇಹಿತೆ ಹೇಳಿದರು. ಐವತ್ತು ದಿನ ಅಲ್ಲಿ ನೀರಿಲ್ಲ, ಅಕ್ಕಿಯಿಲ್ಲ, ಚಪ್ಪಾಳೆಯಿಲ್ಲ. ಅದೇ ದಿನಗಳಲ್ಲಿ ಬುತ್ಸುದಾನ್ ಕೋಣೆಯಲ್ಲಿ ಏಳು ದಿನಕ್ಕೊಮ್ಮೆಯ ವಿಧಿಗಳು, ನಲವತ್ತೊಂಬತ್ತನೆಯ ದಿನದವರೆಗೆ. ಸಾವಿನ ಮೈಲಿಗೆ ದೈವಕ್ಕೆ ತಾಗಬಾರದು, ಬುದ್ಧನಿಗೆ ಮೈಲಿಗೆಯಿಲ್ಲ. ಮನೆಯಲ್ಲಿ ಸೂತಕವಾದಾಗ ದೇವರ ಕೋಣೆಯ ಬಾಗಿಲು ಹಾಕಿದ್ದನ್ನು ಕಂಡು ಬೆಳೆದ ನನಗೆ ಆ ಬಿಳಿ ಕಾಗದದ ಅರ್ಥ ತಟ್ಟನೆ ಆಯಿತು. ಎಲ್ಲ ಮನೆಗಳಲ್ಲೂ ಹೀಗೆಯೇ ಎನ್ನಲಾಗದು. ಅಮಿತಾಭನೊಬ್ಬನನ್ನೇ ನಂಬುವ ಜೋದೋ ಶಿನ್ ಪಂಥದವರು ಸಂಪ್ರದಾಯದಂತೆ ಕಮಿದಾನಾ ಇಡುವುದಿಲ್ಲ.

ನಾಲ್ಕನೆಯ ದಿನ, ಮಾರ್ಚ್ 10: ಇಸೆ

ಆ ಮನೆಯ ರಕ್ಷಾಪತ್ರ ಬಂದ ಊರಿಗೇ ಮರುದಿನ ಹೋದೆ. ಇಸೆಯಲ್ಲಿ ಒಳದೇಗುಲ, ಹೊರದೇಗುಲ ಎಂದು ಎರಡಿವೆ. ಒಳದೇಗುಲದಲ್ಲಿರುವುದು ಸೂರ್ಯದೇವತೆ ಅಮಾತೆರಾಸು. ಇಸುಝು ನದಿಯಲ್ಲಿ ಕೈ ತೊಳೆದು, ಜಲ್ಲಿ ಹಾಸಿದ ದಾರಿಯಲ್ಲಿ ಮುಂದೆ ನಡೆದರೆ ಸಿಗುವುದು ಬಣ್ಣವಿಲ್ಲದ, ಬರಿಯ ಹಿನೋಕಿ ಮರದ, ಹುಲ್ಲು ಹೊದಿಸಿದ ಗುಡಿ. ಅದೂ ಬೇಲಿಗಳ ಆಚೆ, ಚಾವಣಿಯ ತುದಿಯಷ್ಟೇ ಕಾಣುತ್ತದೆ. ಪಕ್ಕದಲ್ಲಿ ಅಷ್ಟೇ ಅಳತೆಯ ಖಾಲಿ ನಿವೇಶನ. ಇಪ್ಪತ್ತು ವರ್ಷಕ್ಕೊಮ್ಮೆ ಗುಡಿಯನ್ನು ಆ ಪಕ್ಕದ ನೆಲದಲ್ಲಿ ಹೊಸದಾಗಿ ಕಟ್ಟಿ ದೈವವನ್ನು ಸ್ಥಳಾಂತರಿಸುತ್ತಾರೆ. ಮೊದಲ ಬಾರಿ 690ರಲ್ಲಿ, ಕಳೆದ ಬಾರಿ, ಅಂದರೆ ಅರವತ್ತೆರಡನೆಯದು, 2013ರಲ್ಲಿ, ಮುಂದಿನದು 2033ಕ್ಕೆ.

ಶುದ್ಧ ಶಿಂತೋ ಎಂದರೆ ಇಸೆ ಎನ್ನುವುದು ವಾಡಿಕೆ. ಇಸೆಯ ಸೇವೆಗೆಂದು ಚಕ್ರವರ್ತಿ ಕಳುಹಿಸುತ್ತಿದ್ದ ರಾಜಕುಮಾರಿಯ ಅರಮನೆಯಲ್ಲಿ ಬೌದ್ಧ ಪದಗಳನ್ನು ಉಚ್ಚರಿಸಬಾರದಿತ್ತು. 927ರ ‘ಎಂಗಿಶಿಕಿ’ ಎಂಬ ಕಟ್ಟಳೆಗಳ ಸಂಗ್ರಹ ಆ ನಿಷಿದ್ಧ ಪದಗಳನ್ನೂ ಅವುಗಳ ಬದಲಿ ಮಾತುಗಳನ್ನೂ ಪಟ್ಟಿ ಮಾಡಿದೆ: ಬುದ್ಧನೆಂದರೆ ‘ನಡುವಿನವನು’, ಸೂತ್ರಗ್ರಂಥವೆಂದರೆ ‘ಬಣ್ಣದ ಕಾಗದ’, ಮಂದಿರವೆಂದರೆ ‘ಹಂಚಿನ ಮಾಡು’, ತಲೆ ಬೋಳಿಸಿದ ಭಿಕ್ಷುವೆಂದರೆ ‘ಉದ್ದಗೂದಲಿನವನು’. ಸಾವಿಗೆ ‘ಗುಣವಾಗುವುದು’ ಎನ್ನಬೇಕಿತ್ತು. ರಾತ್ರಿ ಹೊತ್ತು ಹಾವಿಗೆ ಹುಳು ಎನ್ನುವ ನಮ್ಮ ಹಳ್ಳಿಯ ಹಿರಿಯರ ನೆನಪಾಯಿತು.

ಆದರೆ ಇತಿಹಾಸ ಇಲ್ಲಿಗೆ ನಿಲ್ಲುವುದಿಲ್ಲ. ಅಂತರ್ಯುದ್ಧಗಳ ಕಾಲದಲ್ಲಿ ಹಣವಿಲ್ಲದೆ, 1462ರ ನಂತರ ಒಳದೇಗುಲದ ಪುನರ್ನಿರ್ಮಾಣ ನೂರಿಪ್ಪತ್ತಮೂರು ವರ್ಷ ನಿಂತೇಹೋಯಿತು. ಅದನ್ನು ಮತ್ತೆ ನಡೆಸಲು ಊರೂರು ಅಲೆದು ಕಾಣಿಕೆ ಕೂಡಿಸಿದವರು ಕೇಕೋಯಿನ್ ಮಠದ ಬೌದ್ಧ ಭಿಕ್ಷುಣಿಯರು. ಸೇಜುನ್ ಎಂಬ ಭಿಕ್ಷುಣಿಯ ಶ್ರಮದಿಂದ 1563ರಲ್ಲಿ ಹೊರದೇಗುಲವೂ, ಅವರ ಉತ್ತರಾಧಿಕಾರಿ ಶೂಯೋ ಅವರ ಕಾಲದಲ್ಲಿ 1585ರಲ್ಲಿ ಎರಡೂ ದೇಗುಲಗಳೂ ಹೊಸದಾದವು. ಬೋಳುತಲೆಯವರು ಗರ್ಭಗುಡಿಯ ಹತ್ತಿರ ಸುಳಿಯಬಾರದೆಂಬ ನಿಯಮವಿದ್ದ ಕ್ಷೇತ್ರವನ್ನು ಉಳಿಸಿದವರು ಬೋಳುತಲೆಯ ಹೆಂಗಸರು. ಆ ಖಾಲಿ ನಿವೇಶನದ ಮುಂದೆ ನಾನು ಅವರಿಬ್ಬರ ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಂಡು ಬಾಗಿದೆ.

ಐದನೆಯ ದಿನ, ಮಾರ್ಚ್ 11: ನಾರಾ

ಮಾರ್ಚ್ 1ರಿಂದ 14ರವರೆಗೆ ನಾರಾದ ತೋದಾಯ್ಜಿ ಮಂದಿರದ ನಿಗಾತ್ಸುದೋ ಎಂಬ ಕಟ್ಟಡದಲ್ಲಿ ‘ಶುನಿಯೆ’ ವ್ರತ ನಡೆಯುತ್ತದೆ. ಜನರ ಬಾಯಲ್ಲಿ ಇದು ‘ಒಮಿಝುತೋರಿ’, ನೀರು ತರುವ ಹಬ್ಬ. 752ರಲ್ಲಿ ಜಿತ್ಚೂ ಎಂಬ ಭಿಕ್ಷು ಆರಂಭಿಸಿದ ಇದು ಒಂದು ವರ್ಷವೂ ತಪ್ಪಿಲ್ಲ. ಇಲ್ಲಿನ ಮಹಾಬುದ್ಧನ ಕಣ್ಣು ತೆರೆಸುವ ವಿಧಿ ನಡೆದದ್ದೂ ಅದೇ ವರ್ಷ. ಕಣ್ಣು ಬರೆಯುವ ಕುಂಚವನ್ನು ಹಿಡಿದವನು ಭಾರತದಿಂದ ಹೋದ ಭಿಕ್ಷು ಬೋಧಿಸೇನ. ವ್ರತದಲ್ಲಿ ಹನ್ನೊಂದು ಭಿಕ್ಷುಗಳು ಏಕಾದಶಮುಖ ಅವಲೋಕಿತೇಶ್ವರನ ಮುಂದೆ ಲೋಕದ ತಪ್ಪುಗಳಿಗಾಗಿ ಕ್ಷಮೆ ಬೇಡುತ್ತಾರೆ.

ಸಂಜೆ ಏಳಕ್ಕೆ ದೀಪಗಳನ್ನು ಆರಿಸಿದರು. ಉದ್ದದ ಬಿದಿರ ತುದಿಗೆ ಸುಗಿ ಸೊಪ್ಪು ಕಟ್ಟಿ ಹೊತ್ತಿಸಿದ ಪಂಜುಗಳು ಮೆಟ್ಟಿಲ ಸಾಲನ್ನು ಒಂದೊಂದಾಗಿ ಏರಿದವು, ಒಟ್ಟು ಹತ್ತು. ಕಟ್ಟೆಯಂಚಿನಲ್ಲಿ ಪಂಜನ್ನು ತಿರುವಿದಾಗ ಕಿಡಿಗಳು ನಮ್ಮ ಮೇಲೆಯೇ ಮಳೆಗರೆದವು. ಮುಗಿದ ಮೇಲೆ ಜನ ಕತ್ತಲಲ್ಲಿ ಬಗ್ಗಿ ಕರಕಲಾದ ಎಲೆಗಳನ್ನು ಆರಿಸಿಕೊಂಡರು, ಮನೆಯಲ್ಲಿಟ್ಟರೆ ಒಳ್ಳೆಯದಂತೆ. ಬಹುತೇಕ ಪ್ರವಾಸಿಗರು ಅಲ್ಲಿಂದಲೇ ಹಿಂದಿರುಗುತ್ತಾರೆ. ನಾನು ಮೇಲೆ ಹತ್ತಿ, ಮಂದಿರದ ಹೊರಸುತ್ತಿನ ಕತ್ತಲೆ ಕೋಣೆಯಲ್ಲಿ, ಮರದ ಜಾಲರಿಗೆ ಕಿವಿಗೊಟ್ಟು ಕುಳಿತೆ.

ಒಳಗಿನಿಂದ ಭಿಕ್ಷುಗಳ ಮರದ ಪಾದುಕೆಗಳ ಸದ್ದು, ಜೊತೆಗೆ ‘ನಮು ಕಂಜಿಝಾಯ್’ ಎಂಬ ಘೋಷ. ನಮೋ ಅವಲೋಕಿತೇಶ್ವರ ಎಂದೇ ಅರ್ಥ. ವೇಗ ಹೆಚ್ಚಿದಂತೆ ಅದು ‘ನಮುಕನ್, ನಮುಕನ್’ ಎಂದು ಮೊಟಕಾಯಿತು. ಆಮೇಲೆ ಒಬ್ಬ ಭಿಕ್ಷು ಒಂಟಿಯಾಗಿ ಓದತೊಡಗಿದ. ಅದು ದೈವಗಳ ನಾಮಾವಳಿ! ದೇಶದ ಮೂಲೆಮೂಲೆಯ ದೈವಗಳನ್ನು ಹೆಸರು ಹಿಡಿದು ಬುದ್ಧನ ಮಂದಿರಕ್ಕೆ ಕರೆಯುವ ಈ ಪಾರಾಯಣ ವ್ರತದ ಪ್ರತಿ ರಾತ್ರಿಯೂ ನಡೆಯುತ್ತದೆ. ಮೊದಲು ನಿಧಾನ, ಬರಬರುತ್ತಾ ಓಟ, ಮತ್ತೆ ನಿಧಾನ. ನಾಮಾವಳಿಯನ್ನು ಜಿತ್ಚೂ ಮೊದಲು ಓದಿದಾಗ ವಾಕಾಸಾ ಪ್ರಾಂತದ ಒನ್ಯೂ ಎಂಬ ದೈವ ಮೀನು ಹಿಡಿಯುತ್ತಾ ಮೈಮರೆತು ತಡವಾಗಿ ಬಂತಂತೆ. ತಪ್ಪಿಗೆ ಪ್ರತಿಯಾಗಿ ವರ್ಷವರ್ಷವೂ ಬುದ್ಧನಿಗೆ ನೀರು ಕೊಡುವೆನೆಂದು ಮಾತು ಕೊಟ್ಟಾಗ, ಬಂಡೆ ಒಡೆದು ಕಪ್ಪು ಬಿಳಿಯ ಎರಡು ನೀರುಕಾಗೆಗಳು ಹಾರಿ, ಬುಗ್ಗೆ ಚಿಮ್ಮಿತು. 12ರ ನಡುರಾತ್ರಿ ಕಳೆದ ಮೇಲೆ ನೀರು ಸೇದುವುದು ಆ ಬಾವಿಯಿಂದಲೇ. ವ್ರತ ಆರಂಭವಾಗುವ ಮುನ್ನ ಭಿಕ್ಷುಗಳು ಮಾಡಿಕೊಳ್ಳುವ ಶುದ್ಧಿ ಕೂಡ ಶಿಂತೋದ ‘ನಕಾತೊಮಿ’ ಪ್ರಾರ್ಥನೆಯದು. ವಸತಿಯ ಬಾಗಿಲಿಗೆ ಕಟ್ಟುವುದು ದೇಗುಲದ ಹುಲ್ಲಿನ ಹಗ್ಗ. 1868ರ ಆಜ್ಞೆ ಈ ಕತ್ತಲೆಯ ಕೋಣೆಯನ್ನು ಹೊಕ್ಕಿಲ್ಲ ಎಂದುಕೊಂಡು ರಾತ್ರಿ ಬಹಳ ಹೊತ್ತು ಅಲ್ಲೇ ಕುಳಿತೆ.

ಆರನೆಯ ದಿನ, ಮಾರ್ಚ್ 12: ಕಾಸುಗಾ, ಕೋಫುಕುಜಿ

ಕಾಸುಗಾ ದೇಗುಲ, ಕೋಫುಕುಜಿ ಮಂದಿರ ಎರಡೂ ಹಿಂದೆ ಆಸ್ಥಾನದಲ್ಲಿ ಪ್ರಬಲವಾಗಿದ್ದ ಫುಜಿವಾರಾ ಮನೆತನದವು. ನಡುವೆ ಜಿಂಕೆಗಳು ಅಡ್ಡಾಡುವ ತೋಪು. ಒಂದು ಕಾಲಕ್ಕೆ ಕೋಫುಕುಜಿಯ ಭಿಕ್ಷುಗಳು ಕಾಸುಗಾ ದೈವದ ಸಕಾಕಿ ಮರವನ್ನು ಹೊತ್ತು ರಾಜಧಾನಿಗೆ ನುಗ್ಗಿ ಆಸ್ಥಾನವನ್ನೇ ಬೆದರಿಸುತ್ತಿದ್ದರು. 1868ರ ಆಜ್ಞೆ ಬಂದಾಗ ಅದೇ ಮಂದಿರದ ಭಿಕ್ಷುಗಳು ಸಾಮೂಹಿಕವಾಗಿ ಕಾವಿ ಬಿಟ್ಟು ಕಾಸುಗಾದ ಅರ್ಚಕರಾದರು, ಮಂದಿರ ಅನಾಥವಾಯಿತು, ಸುತ್ತುಗೋಡೆಗಳು ಉರುಳಿದವು. ಇಂದಿಗೂ ಅದಕ್ಕೆ ಆವರಣಗೋಡೆಯಿಲ್ಲ. ಉದ್ಯಾನದಲ್ಲಿ ನಡೆಯುತ್ತಾ ನಡೆಯುತ್ತಾ ಮಂದಿರದೊಳಗೆ ಬಂದಿರುತ್ತೇವೆ. ಗಾಯದ ಗುರುತು ಅದು. ಆದರೂ ಪ್ರತಿವರ್ಷ ಜನವರಿ 2ರಂದು ಕೋಫುಕುಜಿಯ ಭಿಕ್ಷುಗಳು ಕಾಸುಗಾಕ್ಕೆ ಹೋಗಿ ದೈವದ ಮುಂದೆ ಸೂತ್ರ ಪಠಿಸುತ್ತಾರೆ.

ಏಳು ಮತ್ತು ಎಂಟನೆಯ ದಿನ, ಮಾರ್ಚ್ 13 ಮತ್ತು 14: ಕೋಯಾಸಾನ್

ಗೋಕುರಾಕುಬಾಶಿ ನಿಲ್ದಾಣದ ಹೆಸರಿಗೆ ಸುಖಾವತಿಯ, ಅಂದರೆ ಅಮಿತಾಭ ಬುದ್ಧನ ಲೋಕದ, ಸೇತುವೆ ಎಂದರ್ಥ. ಅಲ್ಲಿಂದ ಹಗ್ಗದ ರೈಲು ಬೆಟ್ಟದ ಮೇಲಕ್ಕೆ ಎಳೆದೊಯ್ಯುತ್ತದೆ. 816ರಲ್ಲಿ ಶಿಂಗೊನ್ ಬೌದ್ಧ ಪಂಥದ ಸ್ಥಾಪಕ ಕೂಕಾಯ್ ಆಚಾರ್ಯರಿಗೆ ದೊರೆತ ಈ ಬೆಟ್ಟದಲ್ಲಿ ಓಕುನೊಯಿನ್ ಎಂಬ ಸಮಾಧಿವನವಿದೆ; ಎರಡು ಕಿಲೋಮೀಟರ್ ದಾರಿಯ ಎರಡೂ ಬದಿಗೆ ಎರಡು ಲಕ್ಷಕ್ಕೂ ಹೆಚ್ಚು ಸಮಾಧಿಗಳು. ಸಂಜೆಯ ಬೆಳಕಿನಲ್ಲಿ, ಪಾಚಿ ಕಟ್ಟಿದ ಒಂದು ಐದಂತಸ್ತಿನ ಕಲ್ಲಿನ ಮುಂದೆ ಕುಳಿತು ನೋಡಿದೆ. ಚೌಕ, ಗೋಲ, ತ್ರಿಕೋನ, ಅರ್ಧಚಂದ್ರ, ಮಣಿ. ಪೃಥ್ವಿ, ಜಲ, ಅಗ್ನಿ, ವಾಯು, ಆಕಾಶ. ಪ್ರತಿಯೊಂದರ ಮೇಲೂ ಸಿದ್ಧಂ ಎಂಬ ಹಳೆಯ ಭಾರತೀಯ ಲಿಪಿಯ ಒಂದು ಬೀಜಾಕ್ಷರ. ಕೆಳಗಿನಿಂದ ಮೇಲಕ್ಕೆ ಓದಿಕೊಂಡೆ: ಅ, ವ, ರ, ಹ, ಖ. 804ರಲ್ಲಿ ಚೀನಾಕ್ಕೆ ಹೋದ ಕೂಕಾಯ್ ಅಲ್ಲಿ ಭಾರತೀಯ ಭಿಕ್ಷು ಪ್ರಜ್ಞನ ಬಳಿ ಸಂಸ್ಕೃತ ಕಲಿತು ತಂದ ಅಕ್ಷರಗಳಿವು. ಅಕ್ಷರದ ಗೀರಿನಲ್ಲಿ ಹಿಮದ ಸಣ್ಣ ಹರಳು ಕೂತಿತ್ತು.

ಕೂಕಾಯ್ 835ರಲ್ಲಿ ತೀರಿಕೊಂಡರೆಂದು ಇಲ್ಲಿ ಯಾರೂ ಹೇಳುವುದಿಲ್ಲ, ಧ್ಯಾನದಲ್ಲಿದ್ದಾರೆ ಎನ್ನುತ್ತಾರೆ. ಬೆಳಿಗ್ಗೆ ಆರಕ್ಕೂ ಹತ್ತೂವರೆಗೂ ಮರದ ಪೆಟ್ಟಿಗೆಯಲ್ಲಿ ಅವರ ಊಟವನ್ನು ಹೊತ್ತೊಯ್ಯುತ್ತಾರೆ. ದಾರಿಯಲ್ಲಿ ರುಚಿ ನೋಡುವ ಜಿಝೋ ಬೋಧಿಸತ್ತ್ವನ ಗುಡಿಯ ಮುಂದೆ ಪೆಟ್ಟಿಗೆ ಒಮ್ಮೆ ನಿಲ್ಲುತ್ತದೆ. 14ರ ಮುಂಜಾನೆ ಸೇತುವೆಯ ಬಳಿ ನಿಂತು ಅದನ್ನು ಕಂಡೆ, ಉಸಿರು ಹೊಗೆಯಾಗುತ್ತಿತ್ತು.

ಹೊರಡುವ ಮುನ್ನ ಗರಾನ್ ಎಂಬ ಮುಖ್ಯ ಆವರಣಕ್ಕೆ ಹೋದೆ. ಮಹಾಸ್ತೂಪದ ಕೆಂಪು ಗೋಪುರದ ಪಶ್ಚಿಮಕ್ಕೆ, ಮರಗಳ ನಡುವೆ, ಒಂದು ತೋರೀ. ಆಚೆ ಬೆಟ್ಟದ ದೈವಗಳ ಗುಡಿಗಳು. ಜಾಗ ಹುಡುಕುತ್ತಾ ಬಂದ ಕೂಕಾಯ್‌ಗೆ ಬೇಟೆಗಾರನ ವೇಷದ ದೈವವೊಂದು ಕಪ್ಪು ಬಿಳಿ ಎರಡು ನಾಯಿಗಳೊಂದಿಗೆ ಎದುರಾಗಿ ದಾರಿ ತೋರಿತು, ಅವನ ತಾಯಿಯಾದ ನಿಯುತ್ಸುಹಿಮೆ ನೆಲ ಬಿಟ್ಟುಕೊಟ್ಟಳು ಎಂಬುದು ಕಥೆ. ನೆಲದ ಒಡತಿಗೆ ಮೊದಲ ಮರ್ಯಾದೆ ಎಂದು ಕೂಕಾಯ್ 819ರಲ್ಲಿ ಈ ದೈವಗಳನ್ನು ಇಲ್ಲಿ ನೆಲೆಗೊಳಿಸಿದರು.

ಕಾವಿಯುಟ್ಟ ಯುವ ಭಿಕ್ಷುವೊಬ್ಬ ಬಂದು, ಕೊಡೆ ಮಡಚಿ, ತೋರೀ ಕೆಳಗೆ ಬಾಗಿ, ಜಪಮಾಲೆ ಉಜ್ಜಿ ಪ್ರಜ್ಞಾಪಾರಮಿತಾ ಹೃದಯಸೂತ್ರ ಹೇಳತೊಡಗಿದ. ಚೀನೀ ಮಾತುಗಳ ಜಪಾನೀ ಉಚ್ಚಾರ ನನಗೆ ತಿಳಿಯುತ್ತಿರಲಿಲ್ಲ. ಕೊನೆಯ ಸಾಲು ಮಾತ್ರ ತಿಳಿಯಿತು: “ಗ್ಯಾತೇ ಗ್ಯಾತೇ ಹರಗ್ಯಾತೇ ಹರಸೋಗ್ಯಾತೇ ಬೋಜಿ ಸೋವಾಕಾ.” ಗತೇ ಗತೇ ಪಾರಗತೇ ಪಾರಸಂಗತೇ ಬೋಧಿ ಸ್ವಾಹಾ. ಅವನು ಇನ್ನೊಮ್ಮೆ ಬಾಗಿ, ಕೊಡೆ ಬಿಡಿಸಿಕೊಂಡು, ಹಿಮದ ಮೇಲೆ ಹೆಜ್ಜೆಯೂರುತ್ತಾ ಮಂದಿರದ ಕಡೆಗೆ ನಡೆದ.